ನಮ್ಮೂರ ಹಳ್ಳಕ್ಕೆ ಮಕ್ಕಳ ಕಾವಲು: ಶುರು ಮಾಡುವುದು ಹೇಗೆ?

ಜೂನ್ 5 ಬಂತೆಂದರೆ ಶಾಲೆಗಳಲ್ಲಿ ಗಿಡ ನೆಡುವ ಸಂಭ್ರಮ. ಹಾಗೆ ನೆಟ್ಟ ಗಿಡ ಮುಂದಿನ ಜೂನ್ 5ಕ್ಕೆ ಉಳಿದಿದೆಯೇ ಎಂದು ನೋಡಲು ಹೋಗುವವರು ಮಾತ್ರ ಕಡಿಮೆ. ಉತ್ತರ ಕನ್ನಡದಂಥ ಮಳೆಯ ಜಿಲ್ಲೆಯಲ್ಲಿ ಮಕ್ಕಳಿಗೆ ಪರಿಸರ ಕಲಿಸಬೇಕೆಂದರೆ ಗಿಡಕ್ಕಿಂತ ಮೊದಲು ಹಳ್ಳ ಹಿಡಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಹೆಚ್ಚಿನ ಹಳ್ಳಿ ಶಾಲೆಗಳಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳ್ಳ ಇದ್ದೇ ಇರುತ್ತದೆ. ಜುಲೈನಲ್ಲಿ ಕಾಲುಸಂಕ ಕೊಚ್ಚಿಕೊಂಡು ಹೋಗುವ ಅದೇ ಹಳ್ಳ ಮಾರ್ಚ್ ಹೊತ್ತಿಗೆ ಬರೀ ಕಲ್ಲು ತೋರಿಸುತ್ತದೆ. ಅಷ್ಟು ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಮಕ್ಕಳ ಕೈಗೆ ಕೊಡಬೇಕಾದದ್ದು ಈ ಪ್ರಶ್ನೆಯನ್ನು.

ಒಂದು ಷರತ್ತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಗುದ್ದಲಿ ಮುಟ್ಟಬೇಡಿ. ಗಿಡ ಬೇಡ, ಇಂಗುಗುಂಡಿ ಬೇಡ, ಒಡ್ಡು ಬೇಡ. ನೋಡುವುದು, ಅಳೆಯುವುದು, ಬರೆದಿಡುವುದು ಇಷ್ಟೇ ಕೆಲಸ. ಹಳ್ಳದ ಗುಣ ತಿಳಿಯದೆ ಮಾಡಿದ ಉಪಕಾರ ಹಳ್ಳಕ್ಕೇ ಉಪದ್ರವ ಆಗಬಹುದು.

ತಂಡ ದೊಡ್ಡದಿರಬೇಕಿಲ್ಲ. ಐದರಿಂದ ಎಂಟನೇ ತರಗತಿಯ ಹದಿನೈದು–ಇಪ್ಪತ್ತು ಮಕ್ಕಳು, ಆಸಕ್ತಿ ಇರುವ ಒಬ್ಬರು ಶಿಕ್ಷಕರು, ಹಳ್ಳದ ಪಕ್ಕ ತೋಟ ಇರುವ ಇಬ್ಬರು ಪಾಲಕರು ಸಾಕು. ಮುಖ್ಯ ಶಿಕ್ಷಕರು ಮತ್ತು ಶಾಲಾ ಅಭಿವೃದ್ಧಿ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಪ್ಪಿಗೆ ಪಡೆಯಿರಿ. ದಾರಿಯಲ್ಲಿ ಯಾರ ತೋಟ ಸಿಗುತ್ತದೋ ಅವರಿಗೂ ಒಂದು ಮಾತು ಹೇಳಿ. ಹಳ್ಳದ ಮೂಲ ಕಾಯ್ದಿಟ್ಟ ಅರಣ್ಯದಲ್ಲಿದ್ದರೆ ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಗೆ ತಿಳಿಸಿಯೇ ಹೋಗಬೇಕು.

ನೀರು ಎಲ್ಲಿ ಕವಲೊಡೆಯುತ್ತದೆ?

ಮೊದಲ ನಡಿಗೆ ಹಳ್ಳಕ್ಕಲ್ಲ, ಗುಡ್ಡದ ನೆತ್ತಿಗೆ. ಅಕ್ಟೋಬರ್ ಕೊನೆಗೆ, ಮಳೆ ಬಿಟ್ಟ ಮೇಲೆ ಹೋಗಿ. ನೆತ್ತಿಯ ಮೇಲೆ ನಿಂತು, ಇಲ್ಲಿ ಬಿದ್ದ ಮಳೆ ಆ ಬದಿಗೆ ಹೋಗುತ್ತದೋ ಈ ಬದಿಗೆ ಬರುತ್ತದೋ ಎಂದು ಮಕ್ಕಳೇ ತೀರ್ಮಾನಿಸಲಿ. ನಮ್ಮ ಹಳ್ಳಕ್ಕೆ ನೀರು ಹರಿಸುವ ಜಾಗದ ಗಡಿ ಅದು. ಜಲಾನಯನ ಪ್ರದೇಶ ಎಂದು ಪಾಠದಲ್ಲಿ ಬರುವ ಪದ ಆಗ ಕಾಲಿನಡಿಯ ನೆಲವಾಗುತ್ತದೆ.

ಈ ಪಾಠಕ್ಕೆ ಶಿರಸಿ ತಾಲ್ಲೂಕಿನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಇಲ್ಲಿಯ ಒಂದು ಪಾಲು ಮಳೆನೀರು ಅಘನಾಶಿನಿ ಸೇರಿ ಕುಮಟಾ ಬಳಿ ಕಡಲಿಗೆ ಬೀಳುತ್ತದೆ. ಇನ್ನೊಂದು ಪಾಲು ಸಹಸ್ರಲಿಂಗದ ಶಾಲ್ಮಲೆಯ ಮೂಲಕ ಬೇಡ್ತಿ ಸೇರುತ್ತದೆ. ಅದೇ ಬೇಡ್ತಿ ಘಟ್ಟ ಇಳಿದು ಗಂಗಾವಳಿಯಾಗಿ ಅಂಕೋಲಾದಲ್ಲಿ ಸಮುದ್ರ ಕಾಣುತ್ತದೆ. ಬನವಾಸಿ ಕಡೆ ಬಿದ್ದ ಮಳೆಯ ದಾರಿಯೇ ಬೇರೆ. ವರದೆ, ತುಂಗಭದ್ರೆ, ಕೃಷ್ಣೆ ಎಂದು ದಾಟಿಕೊಂಡು ಅದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ತಾಲ್ಲೂಕಿನ ಮಳೆಗೆ ಎರಡು ಸಮುದ್ರ! ನಿಮ್ಮ ಶಾಲೆಯ ಮಾಡಿನ ನೀರು ಯಾವ ಸಮುದ್ರಕ್ಕೆ ಹೋಗುತ್ತದೆಂದು ಮಕ್ಕಳು ಮೊದಲು ಪತ್ತೆ ಮಾಡಲಿ.

ಮರಳಿ ಬಂದ ಮೇಲೆ ಶಾಲೆಯ ಅಂಗಳದಲ್ಲೇ ರಂಗೋಲಿ ಪುಡಿಯಿಂದ ನಕ್ಷೆ ಬಿಡಿಸಿ. ಗುಡ್ಡ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ತೋಟ, ಗದ್ದೆ, ಕೆರೆ, ಒರತೆ, ಅಬ್ಬಿ (ಒರತೆಯ ನೀರು ಧಾರೆಯಾಗಿ ಬೀಳುವ ಜಾಗ), ಕೊಟ್ಟಿಗೆ, ಕಾಲುಸಂಕ ಎಲ್ಲವೂ ಅದರಲ್ಲಿರಲಿ. ಎಲ್ಲರೂ ಒಪ್ಪಿದ ಮೇಲೆ ದೊಡ್ಡ ಹಾಳೆಗೆ ಇಳಿಸಿ ಗೋಡೆಗೆ ಹಚ್ಚಿ.

ಮಳೆಯ ಲೆಕ್ಕ, ಹಳ್ಳದ ಲೆಕ್ಕ

ಮಳೆಮಾಪಕಕ್ಕೆ ದುಡ್ಡು ಬೇಕಿಲ್ಲ. ಮೈ ನೇರವಾಗಿರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ಮೈ ನೇರವಾಗುವ ಮಟ್ಟದವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಎಂದು ಗೆರೆ ಎಳೆಯಿರಿ. ಮೇಲಕ್ಕೆ ಸ್ಕೇಲು ಅಂಟಿಸಿ. ಮರ, ಮಾಡು ಯಾವುದೂ ಅಡ್ಡ ಬರದ ಬಯಲಲ್ಲಿ ಇಟ್ಟು ದಿನಾ ಬೆಳಿಗ್ಗೆ 8.30ಕ್ಕೆ ಓದಿ ಬರೆದು, ಸೊನ್ನೆಯ ಗೆರೆಯವರೆಗೆ ನೀರು ಚೆಲ್ಲಿ. ಹವಾಮಾನ ಇಲಾಖೆ ಲೆಕ್ಕ ಹಿಡಿಯುವುದೂ ಇದೇ ಹೊತ್ತಿಗೆ. ಆರಿದ್ರಾ, ಪುನರ್ವಸು ಜೋರಾಗಿ ಹಿಡಿದ ದಿನ ಬಾಟಲಿ ತುಂಬಿ ಚೆಲ್ಲಬಹುದು, ಆಗ ಸಂಜೆಯೂ ಒಮ್ಮೆ ಓದಿ ಎರಡನ್ನೂ ಕೂಡಿಸಿ. ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರಕ್ಕೂ ಒಂದು ಕಾಲಂ ಇರಲಿ. ಮನೆಯಲ್ಲಿ ಹಿರಿಯರೊಂದಿಗೆ ಮಾತಾಡುವಾಗ ಕೆಲಸಕ್ಕೆ ಬರುವುದು ಅದೇ.

ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಮೀ ಎಂದು ಹಿಡಿದರೆ, ನೂರು ಚದರ ಮೀಟರಿನ ಶಾಲೆಯ ಮಾಡಿನ ಮೇಲೆ ಎರಡೂವರೆ ಲಕ್ಷ ಲೀಟರ್ ಬೀಳುತ್ತದೆ. ಹಳ್ಳದ ಜಲಾನಯನ 50 ಹೆಕ್ಟೇರ್ ಇದ್ದರೆ 125 ಕೋಟಿ ಲೀಟರ್. ಮಕ್ಕಳೇ ಬೋರ್ಡಿನ ಮೇಲೆ ಗುಣಿಸಿ ಈ ಉತ್ತರಕ್ಕೆ ಬರಬೇಕು. ಇಷ್ಟೆಲ್ಲ ಬಿದ್ದೂ ಮಾರ್ಚಿಗೆ ನೀರಿಲ್ಲ ಯಾಕೆ ಎಂದು ಅವರಲ್ಲೇ ಯಾರಾದರೂ ಕೇಳುತ್ತಾರೆ.

ಹಳ್ಳದ ಹರಿವು ಅಳೆಯಲು ನವೆಂಬರ್‌ನಿಂದ ಶುರು ಮಾಡಿ. ಪ್ರತಿ ತಿಂಗಳು ಅದೇ ತಾರೀಖು, ಅದೇ ಜಾಗ. ಹಳ್ಳ ನೇರವಾಗಿ, ಸಮವಾಗಿ ಹರಿಯುವ ಐದು ಮೀಟರ್ ಉದ್ದ ಆರಿಸಿ ಎರಡೂ ತುದಿಗೆ ಹಗ್ಗ ಕಟ್ಟಿ. ಅಗಲ ಅಳೆಯಿರಿ. ಆಳವನ್ನು ಒಂದೇ ಕಡೆ ನೋಡಿದರೆ ಸಾಲದು, ದಡದಿಂದ ದಡಕ್ಕೆ ಐದಾರು ಕಡೆ ಕೋಲಿಟ್ಟು ಸರಾಸರಿ ತೆಗೆಯಬೇಕು. ಆಮೇಲೆ ಮೇಲಿನ ಹಗ್ಗದ ಹಿಂದಿನಿಂದ ಒಂದು ಲಿಂಬೆಹಣ್ಣು ತೇಲಿಬಿಡಿ. ಎಲೆ, ಕಾಗದ ಬೇಡ, ಗಾಳಿಗೆ ಓಡುತ್ತವೆ. ಲಿಂಬೆ ಹೆಚ್ಚುಪಾಲು ಮುಳುಗಿ ತೇಲುವುದರಿಂದ ನೀರಿನ ವೇಗಕ್ಕೇ ಸಾಗುತ್ತದೆ. ಕೆಳಗಿನ ಹಗ್ಗ ದಾಟಲು ಎಷ್ಟು ಸೆಕೆಂಡ್ ಎಂದು ಮೂರು ಸಲ ನೋಡಿ ಸರಾಸರಿ ಬರೆಯಿರಿ.

ಅಗಲ 1.2 ಮೀಟರ್, ಸರಾಸರಿ ಆಳ 15 ಸೆಂಟಿಮೀಟರ್, ಐದು ಮೀಟರಿಗೆ 20 ಸೆಕೆಂಡ್ ಎಂದಿಟ್ಟುಕೊಳ್ಳಿ. ವೇಗ ಸೆಕೆಂಡಿಗೆ 0.25 ಮೀಟರ್. ತಳದ ನೀರು ಕಲ್ಲಿಗೆ ಉಜ್ಜಿ ನಿಧಾನವಾಗುವುದರಿಂದ 0.8ರಿಂದ ಗುಣಿಸಬೇಕು. 1.2 × 0.15 × 0.25 × 0.8 ಅಂದರೆ 0.036 ಘನ ಮೀಟರ್, ಸೆಕೆಂಡಿಗೆ 36 ಲೀಟರ್. ದಿನಕ್ಕೆ 31 ಲಕ್ಷ ಲೀಟರ್ ಮೀರುತ್ತದೆ. ಬೇಸಿಗೆಯಲ್ಲಿ ಲಿಂಬೆ ತೇಲದಷ್ಟು ನೀರು ತೆಳುವಾದಾಗ, ಅಬ್ಬಿಯ ಪೈಪಿನಡಿ ಹತ್ತು ಲೀಟರಿನ ಬಕೆಟ್ ಇಟ್ಟು ತುಂಬುವ ಹೊತ್ತು ನೋಡಿ. 40 ಸೆಕೆಂಡ್ ಆದರೆ ದಿನಕ್ಕೆ 21,600 ಲೀಟರ್. ಎಷ್ಟು ಮನೆಗೆ ಎಷ್ಟು ಕೊಡ ಎಂಬ ಲೆಕ್ಕ ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು, ಅವರನ್ನೇ ಕೇಳಿ ಹೋಲಿಸಿ.

ಕಲ್ಲಿನ ಅಡಿ ಇಣುಕಿ

ಮಕ್ಕಳು ಅತಿ ಹೆಚ್ಚು ಖುಷಿಪಡುವ ಕೆಲಸ ಇದು. ನವೆಂಬರಿನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ ಮಾಡಿ. ಮೊಣಕಾಲಿಗಿಂತ ಕಡಿಮೆ ನೀರಿನಲ್ಲಿ, ಹರಿವು ಇರುವ ಕಡೆ ಮುಷ್ಟಿಗಾತ್ರದ ಕಲ್ಲು ಮೆಲ್ಲಗೆ ಎತ್ತಿ, ಅಡಿಭಾಗವನ್ನು ನೀರು ತುಂಬಿದ ಬಿಳಿ ತಟ್ಟೆಯ ಮೇಲೆ ಹಿಡಿದು ಸವರಿ. ಒಂದೆರಡು ನಿಮಿಷ ಸುಮ್ಮನಿದ್ದರೆ ತಟ್ಟೆಯಲ್ಲಿ ಚಲನೆ ಶುರುವಾಗುತ್ತದೆ. ಹಿಂಬದಿಯಲ್ಲಿ ಹೆಚ್ಚಾಗಿ ಮೂರು ಬಾಲದ ಎಳೆ, ಹೊಟ್ಟೆಯ ಅಂಚಿನಲ್ಲಿ ಪಟಪಟ ಬಡಿಯುವ ಎಲೆಯಂಥ ಕಿವಿರು ಇದ್ದರೆ ಅದು ಮೇಫ್ಲೈ ಮರಿ. ಎರಡೇ ಬಾಲ, ಚಪ್ಪಟೆ ಮೈ ಇದ್ದು ಹೊಟ್ಟೆಯ ಅಂಚಿನಲ್ಲಿ ಕಿವಿರು ಇಲ್ಲದಿದ್ದರೆ ಸ್ಟೋನ್‌ಫ್ಲೈ. ಮರಳಿನ ಕಣ, ಕಡ್ಡಿಚೂರು ಅಂಟಿಸಿ ಕೊಳವೆಮನೆ ಕಟ್ಟಿಕೊಂಡು ಅದರೊಳಗಿಂದ ತಲೆ ಹಾಕುವುದು ಕ್ಯಾಡಿಸ್‌ಫ್ಲೈ. ಮನೆ ಹೊತ್ತು ನಡೆಯುವ ಆ ಹುಳವನ್ನು ಒಮ್ಮೆ ಕಂಡ ಮಗು ಹಳ್ಳದಲ್ಲಿ ಕಲ್ಲು ಒದೆಯುವುದನ್ನು ತಾನಾಗಿ ಬಿಡುತ್ತದೆ.

ಈ ಮೂರೂ ಬೇಕೆನ್ನುವುದು ಆಮ್ಲಜನಕ ಹೆಚ್ಚಿರುವ, ಕೊಳಕಿಲ್ಲದ ನೀರು. ಇವು ಇಲ್ಲದೆ ಕೆಂಪು ದಾರದಂಥ ಹುಳಗಳೇ ತುಂಬಿದ್ದರೆ ಕೊಳಚೆ ಸೇರುತ್ತಿದೆಯೇ ಎಂದು ಅನುಮಾನಿಸಬೇಕು. ಆದರೆ ಒಂದೇ ತಟ್ಟೆ ನೋಡಿ ತೀರ್ಪು ಕೊಡಬಾರದು, ನಿಂತ ನೀರಿನಲ್ಲಿ ಸಹಜವಾಗಿಯೇ ಆ ಮೂರು ಬಗೆಯ ಹುಳ ಕಡಿಮೆ. ಊರಿನ ಅಥವಾ ತೋಟದ ಮೇಲ್ಭಾಗದಲ್ಲಿ ಒಂದು ತಟ್ಟೆ, ಕೆಳಭಾಗದಲ್ಲಿ ಒಂದು ತಟ್ಟೆ ಇಟ್ಟು ಹೋಲಿಸಿ. ನೋಡಿ ಮುಗಿದ ಮೇಲೆ ಹುಳ ಹಳ್ಳಕ್ಕೆ, ಕಲ್ಲು ಇದ್ದ ಜಾಗಕ್ಕೆ, ಇದ್ದ ಮಗ್ಗುಲಿಗೆ. ಕುಡಿಯುವ ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯ್ತಿಯಲ್ಲಿ ಕಿಟ್ ಇರುತ್ತದೆ. ಅದನ್ನು ಕೇಳಿ ಪಡೆದು ದೊಡ್ಡವರ ಎದುರೇ ಬಳಸಿ.

ಅಜ್ಜನನ್ನು ಕೇಳಬೇಕಾದ್ದು

"ಹಿಂದೆ ನೀರು ಹೇಗಿತ್ತು ಅಜ್ಜಾ?" ಎಂದರೆ "ಬೇಕಾದಷ್ಟಿತ್ತು ಮಗಾ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. ನೆನಪಿಗೆ ಕೊಕ್ಕೆ ಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬೇಸಿಗೆಯ ಆರಂಭದಲ್ಲಿ ಬರುತ್ತದೆ. "ನೀವು ಮದುವೆಯಾಗಿ ಬಂದ ವರ್ಷದ ಜಾತ್ರೆಗೆ ಹೋಗುವಾಗ ಹಳ್ಳ ದಾಟಿದ್ದು ನೀರಿನಲ್ಲೋ ಒಣಕಲ್ಲಿನ ಮೇಲೋ ಅಜ್ಜೀ?" ಎಂದು ಕೇಳಿ. ಯಾವ ಜಾಗದಲ್ಲಿ ಬಟ್ಟೆ ಒಗೆಯುತ್ತಿದ್ದರು, ಯಾವ ಗುಂಡಿಯಲ್ಲಿ ಈಜು ಕಲಿತರು, ಮೊದಲ ಬೋರ್‌ವೆಲ್ ಯಾವಾಗ ಬಂತು, ಸೊಪ್ಪಿನ ಬೆಟ್ಟದಲ್ಲಿ ಯಾವ ಮರ ಕಡಿಮೆಯಾಯಿತು ಎಂಬುದೆಲ್ಲ ಇದೇ ಪುಸ್ತಕಕ್ಕೆ ಸೇರಲಿ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯಲ್ಲಿ, ಮರ ಕಡಿಯದಂತೆ ಅಪ್ಪಿಕೊಂಡು ತಡೆಯುವ ಅಪ್ಪಿಕೋ ಚಳವಳಿ ಶುರುವಾದಾಗಿನ ಯುವಕರು ಈಗ ಅಜ್ಜಂದಿರು. ಆ ತಲೆಮಾರಿನವರು ಸಿಕ್ಕರೆ ಒಂದು ಇಡೀ ಮಧ್ಯಾಹ್ನ ಕೂತು ಕೇಳಿ.

ಇವನ್ನು ಮರೆಯುವಂತಿಲ್ಲ

ಮಳೆಗಾಲದಲ್ಲಿ ಮಕ್ಕಳು ಹಳ್ಳಕ್ಕೆ ಇಳಿಯಲೇಬಾರದು. ಇಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಡೆದರೆ ನೀರು ಏರಲು ಹೊತ್ತು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಡದಿಂದ ದೂರ ನಿಂತು, ಕಾಲುಸಂಕದ ಕಂಬಕ್ಕೆ ಮೊದಲೇ ಬಳಿದ ಬಣ್ಣದ ಗೆರೆಯಲ್ಲಿ ನೀರಿನ ಮಟ್ಟ ನೋಡಿದರೆ ಸಾಕು. ಕಾಲಿಗೆ ಗಾಯ ಇದ್ದವರು ಯಾವ ಕಾಲದಲ್ಲೂ ನೀರಿಗೆ ಇಳಿಯಬಾರದು, ಇಲಿಜ್ವರದ ಭಯ ಇದೆ.

ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ಸಿದ್ದಾಪುರದ ಕಡೆ ಈಗಲೂ ಜೀವ ತೆಗೆಯುತ್ತದೆ. ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಕಾಯಿಲೆ ಕಂಡ ಭಾಗದಲ್ಲಿ ಆ ತಿಂಗಳುಗಳಲ್ಲಿ ಕಾಡಿನ ಒಳಗಿನ ನಡಿಗೆ ಪೂರ್ತಿ ಬಿಟ್ಟುಬಿಡಿ. ಉಳಿದ ಕಡೆಯೂ ಉದ್ದ ತೋಳು, ಉದ್ದ ಪ್ಯಾಂಟು, ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಕೇಂದ್ರದಲ್ಲಿ ಸಿಗುವ ಡೇಪಾ ತೈಲ, ಮನೆಗೆ ಹೋದ ಕೂಡಲೇ ಬಿಸಿನೀರ ಸ್ನಾನ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಎರಡನೇ ವರ್ಷದ ಕೆಲಸ

ವರ್ಷದ ಪುಸ್ತಕ ಕೈಯಲ್ಲಿದ್ದರೆ ಏನು ಮಾಡಬೇಕೆಂದು ಹಳ್ಳವೇ ತೋರಿಸಿರುತ್ತದೆ. ಅಡಿಕೆ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಕೊಳೆಮದ್ದು, ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡುತ್ತೇವೆ. ಅಡಿಕೆಗೆ ಅದು ಬೇಕು, ಬೇಡ ಎನ್ನಲಾಗದು. ಆದರೆ ಡ್ರಮ್ಮು, ಪಂಪು ತೊಳೆಯುವುದು ಹಳ್ಳದಲ್ಲೇ ಆದರೆ ತಾಮ್ರ ಮೀನಿಗೂ ಹುಳಗಳಿಗೂ ವಿಷ. ಹಳ್ಳದಿಂದ ದೂರ ತೊಳೆಯುವ ಗುಂಡಿ ಮಾಡಿಕೊಡಿ ಎಂದು ಮಕ್ಕಳು ಮನೆಮನೆಗೆ ಹೋಗಿ ಕೇಳಲಿ. ದೊಡ್ಡವರ ಭಾಷಣಕ್ಕಿಂತ ಮನೆಯ ಮಗಳು "ಅಪ್ಪಾ, ಅಲ್ಲಿ ತೊಳೀಬೇಡ" ಎಂದರೆ ಮಾತು ನಡೆಯುತ್ತದೆ.

ಗಿಡ ನೆಡುವುದಾದರೆ ಹಳ್ಳದಂಚಿನ ಗಿಡವನ್ನೇ ನೆಡಿ: ಹೊಳೆಸಾಲಿನ ಅಪ್ಪೆಮಿಡಿ, ಹೊಳೆಮತ್ತಿ, ಹೊಳೆದಾಸವಾಳ, ಹೊಂಗೆ, ಲಕ್ಕಿ, ಜೌಗಿದ್ದರೆ ರಾಮಪತ್ರೆ. ರಾಮಪತ್ರೆಯ ಬೀಜ ಒಣಗಿದರೆ ಹುಟ್ಟುವುದಿಲ್ಲ, ಹೆಕ್ಕಿದ ಕೂಡಲೇ ಮಣ್ಣಿಗೆ ಹಾಕಬೇಕು. ನೂರು ಗಿಡ ನೆಟ್ಟು ಮರೆಯುವ ಬದಲು ಮಗುವಿಗೊಂದು ಗಿಡ, ಮೂರು ಬೇಸಿಗೆ ನೀರು ಎಂದು ಹಿಡಿಯಿರಿ.

ಇಂಗುಗುಂಡಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಇಳಿಜಾರು ಕಡಿಮೆ ಇರುವ ಬೇಣ, ಬಯಲಿನಲ್ಲಿ ಅದು ಒಳ್ಳೆಯದು. ಕಡಿದಾದ ಧರೆಯ ನೆತ್ತಿಯಲ್ಲಿ ನೀರು ನಿಲ್ಲಿಸುವುದು ಅಪಾಯ. 2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ, 2024ರಲ್ಲಿ ಅಂಕೋಲಾದ ಶಿರೂರು. ಧರೆ ಕುಸಿತ ಎಂದರೆ ಏನೆಂದು ಈ ಜಿಲ್ಲೆಗೆ ಗೊತ್ತು. ಕುಸಿತದ ಕಾರಣಗಳು ಹಲವು, ಒಂದೊಂದು ಕಡೆ ಒಂದೊಂದು. ಹಾಗಾಗಿ ಮನೆಯ ಮೇಲ್ಬದಿಯ ಗುಡ್ಡದಲ್ಲಿ ಬಿರುಕು, ಹೊಸ ಒರತೆ, ವಾಲಿದ ಮರ ಕಂಡರೆ ಅಲ್ಲಿ ಅಗೆಯುವ ಮಾತು ಬಿಟ್ಟು ಪಂಚಾಯ್ತಿಗೆ ತಿಳಿಸಿ.

ಘಟ್ಟದ ಕೆಳಗೊಂದು ಜೊತೆ ಶಾಲೆ

ಅಘನಾಶಿನಿಗೆ ಅಣೆಕಟ್ಟು ಇಲ್ಲ. ಶಿರಸಿಯ ನೀರು ತಡೆಯಿಲ್ಲದೆ ತದಡಿಯವರೆಗೆ ಹೋಗುತ್ತದೆ. 4,801 ಹೆಕ್ಟೇರಿನ ಆ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗ ಭತ್ತ, ಚಿಪ್ಪಿ, ಮೀನು ಎಲ್ಲ ನಿಂತಿರುವುದು ಸಿಹಿನೀರು ಉಪ್ಪುನೀರು ಬೆರೆಯುವ ಹದದ ಮೇಲೆ. ಕುಮಟಾ ಕಡೆಯ ಒಂದು ಶಾಲೆಯ ಜೊತೆ ಒಪ್ಪಂದ ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಅವರು ಅಳಿವೆಯ ಒಂದೇ ಜಾಗದಿಂದ, ಭರತ (ಉಬ್ಬರ) ಇರುವಾಗಲೇ, ಒಂದು ಲೀಟರ್ ನೀರು ತಂದು, ದೊಡ್ಡವರ ಕೈಯಲ್ಲಿ ಪೂರ್ತಿ ಕುದಿಸಿ ಇಂಗಿಸಿ, ಉಳಿದ ಉಪ್ಪು ತೂಗಲಿ. ತೆರೆದ ಸಮುದ್ರದ ನೀರಾದರೆ ಸುಮಾರು 35 ಗ್ರಾಂ ಸಿಗುತ್ತದೆ. ಮಳೆಗಾಲದಲ್ಲಿ ತೀರಾ ಕಡಿಮೆಯಾಗಿ ಬೇಸಿಗೆಗೆ ಏರುತ್ತದೆ, ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ತೆಗೆಯುವುದೂ ಬೇಸಿಗೆಯಲ್ಲೇ. ಘಟ್ಟದ ಮೇಲಿನ ಹರಿವಿನ ಅಂಕಿ, ಕೆಳಗಿನ ಉಪ್ಪಿನ ಅಂಕಿ ಎರಡನ್ನೂ ಒಂದೇ ಗ್ರಾಫಿನಲ್ಲಿ ಎಳೆದರೆ ಒಂದು ಇಳಿದಾಗ ಇನ್ನೊಂದು ಏರುವುದು ಕಣ್ಣಿಗೆ ಕಾಣುತ್ತದೆ. ವರ್ಷಕ್ಕೊಮ್ಮೆ ಎರಡೂ ಶಾಲೆಯ ಮಕ್ಕಳು ಒಬ್ಬರ ಊರಿಗೊಬ್ಬರು ಹೋಗಿಬರಲಿ. ಕಾರವಾರದ ಶಾಲೆಗಳು ಇದನ್ನು ಕಾಳಿಯಲ್ಲಿ ಮಾಡಬಹುದು. ಅಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿರುವುದರಿಂದ ಗ್ರಾಫ್ ಬೇರೆಯೇ ಬರಬಹುದು, ಯಾಕೆಂದು ಮಕ್ಕಳು ಯೋಚಿಸಲಿ.

ನವೆಂಬರ್ ಹೊತ್ತಿಗೆ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮ ಸಭೆ ಶುರುವಾಗುತ್ತದೆ. ಈ ಪುಸ್ತಕ ಅಲ್ಲಿಗೆ ಹೋಗಬೇಕು. "ಹಳ್ಳ ಉಳಿಸಿ" ಎಂಬ ಘೋಷಣೆಗೆ ಯಾರೂ ಉತ್ತರ ಕೊಡಬೇಕಿಲ್ಲ. ಫೆಬ್ರುವರಿಯಲ್ಲಿ ಸೆಕೆಂಡಿಗೆ ಇಷ್ಟು ಲೀಟರ್, ಕಾಲುಸಂಕದ ಕೆಳಗೆ ಇಂಥ ಹುಳ ಇಲ್ಲ, ಇಂಥ ಕಡೆ ಕಸ ಸುರಿಯುತ್ತಾರೆ ಎಂದರೆ ಉತ್ತರ ಕೊಡಲೇಬೇಕು. ಸಿಕ್ಕ ಭರವಸೆಯನ್ನು ತಾರೀಖು ಸಮೇತ ಬರೆದುಕೊಂಡು ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಓದಿ. ಜೀವವೈವಿಧ್ಯ ಕಾಯ್ದೆ, 2002ರಂತೆ ಪಂಚಾಯ್ತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಒಂದು ಪ್ರತಿ ಕೊಡಿ.

ಏಳನೆಯವರೋ ಎಂಟನೆಯವರೋ ಶಾಲೆ ಬಿಡುವ ಮೊದಲು ಲಿಂಬೆ, ಹಗ್ಗ, ಬಿಳಿ ತಟ್ಟೆಯ ಬಳಕೆಯನ್ನು ಐದನೆಯವರಿಗೆ ಹಳ್ಳದಲ್ಲೇ ತೋರಿಸಿಕೊಡಬೇಕು. ಅಳೆಯುವ ಜಾಗದ ಗುರುತು, ಹಗ್ಗ ಕಟ್ಟುವ ಮರಗಳ ಹೆಸರು, ಮಳೆಮಾಪಕ ಇಟ್ಟ ಕಟ್ಟೆ ಇವಿಷ್ಟನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಶಿಕ್ಷಕರಿಗೆ ವರ್ಗವಾದರೂ ಲೆಕ್ಕ ನಿಲ್ಲಬಾರದು.