ಖೊಯೆಖೊಯೆ ಕಲಿಯುವವರು ನಾಮಪದವನ್ನು ಪ್ರತ್ಯಯದೊಂದಿಗೇ ಬರೆದುಕೊಳ್ಳಿ

ನಮೀಬಿಯದ ನಾಮ ಮತ್ತು ದಾಮರ ಜನರ ನುಡಿ ಖೊಯೆಖೊಯೆಗೊವಾಬ್. ಕಲಿಯಲು ಕುಳಿತವರು ಮೊದಲು ಹೆದರುವುದು ಕ್ಲಿಕ್ ಧ್ವನಿಗಳಿಗೆ. ಹೆದರಬೇಡಿ. ಕ್ಲಿಕ್ಕಿನ ಸ್ಥಾನಗಳು ನಾಲ್ಕೇ, ಬರುವುದೂ ಪ್ರಕೃತಿಯ, ಅಂದರೆ ಪ್ರತ್ಯಯ ಸೇರುವ ಮೊದಲಿನ ಮೂಲಪದದ, ಆರಂಭದಲ್ಲಿ. ‘ಅಯ್ಯೋ ಪಾಪ’ ಎಂದು ಲೊಚಗುಟ್ಟುವಾಗ ಹಲ್ಲಿನ ಹಿಂದೆ ಹೊರಡುವ ಸದ್ದೇ ಅವುಗಳಲ್ಲೊಂದು. ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿದವಳು ನಾನು. ನನ್ನನ್ನು ಕೇಳಿದರೆ ನಿಜವಾದ ಕೆಲಸವಿರುವುದು ಪದದ ಕೊನೆಯಲ್ಲಿ.

ಒಂದು ಹಾಳೆಯಲ್ಲಿ ಒಂಬತ್ತು ಮನೆ ಎಳೆದುಕೊಳ್ಳಿ. ಮೇಲೆ ಪುಲ್ಲಿಂಗ, ಸ್ತ್ರೀಲಿಂಗ, ಸಾಮಾನ್ಯ. ಪಕ್ಕದಲ್ಲಿ ಏಕ, ದ್ವಿ, ಬಹುವಚನ. ‘ಖೊಯೆ’ ಎಂದರೆ ಮನುಷ್ಯ. ಖೊಯೆ-ಬ್ ಗಂಡಸು, ಖೊಯೆ-ಸ್ ಹೆಂಗಸು, ಖೊಯೆ-ಇ ಯಾರೋ ಒಬ್ಬರು. ಇಬ್ಬರು ಗಂಡಸರಿಗೆ -ಖ, ಇಬ್ಬರು ಹೆಂಗಸರಿಗೆ -ರ. ಸಾಮಾನ್ಯ ಲಿಂಗದ ಇಬ್ಬರಿಗೂ ಅದೇ -ರ. ಇಬ್ಬರಿಗಿಂತ ಹೆಚ್ಚಾದರೆ ಕ್ರಮವಾಗಿ -ಗು, -ದಿ, -ನ್. ಮನೆ ಒಂಬತ್ತಾದರೂ ರೂಪ ಎಂಟೇ ಎಂಬುದನ್ನು ಗಮನಿಸಿ. ಭಾಷೆಯ ಹೆಸರಿನ ಕೊನೆಯ ಬ್ ಕೂಡ ಇದೇ ಪ್ರತ್ಯಯ: ಗೊವಾ-ಬ್, ನುಡಿ, ಪುಲ್ಲಿಂಗ.

ಜೀವವಿಲ್ಲದ ವಸ್ತುಗಳಿಗೆ ಬಂದಾಗ ನಿಧಾನಿಸಿ. ಕನ್ನಡದಲ್ಲಿ ಮನೆ, ನೀರು ಎಲ್ಲವೂ ನಪುಂಸಕ, ಯೋಚಿಸಬೇಕಾಗಿಲ್ಲ. ಇಲ್ಲಿ ಲಿಂಗ ಬದಲಾದರೆ ಅರ್ಥವೇ ಜರುಗುತ್ತದೆ. ಒಮ್-ಸ್ ಮನೆ, ಅದನ್ನೇ ಪುಲ್ಲಿಂಗ ಮಾಡಿ ಒಮ್-ಮಿ ಎಂದರೆ ದೊಡ್ಡ ಕಟ್ಟಡ. (ಮಕಾರದ ಮುಂದೆ ಬ್ ನಿಲ್ಲದೆ ಮಿ ಆಗುತ್ತದೆ. ಸಂಧಿ ಕಲಿತ ನಮಗೆ ಇದು ಸಹಜವಾಗಿಯೇ ಕಾಣುತ್ತದೆ.) ಗಮ್-ಮಿ ಎಂದರೆ ನೀರು. ವಿಂಡ್‌ಹುಕ್ ನಗರದ ಸ್ಥಳೀಯ ಹೆಸರಾದ ಆಯಿ-ಗಮ್ಸ್‌ನಲ್ಲಿ ಅದೇ ಪ್ರಕೃತಿ ಸ್ತ್ರೀಲಿಂಗ ತಳೆದಿದೆ. ಬಿಸಿನೀರಿನ ಬುಗ್ಗೆ ಎಂದರ್ಥ. ಈ ಗಮ್‌ಗೆ ಮೊದಲು ಬರಹದಲ್ಲಿ ಎರಡು ನೇರ ಗೆರೆಗಳಿರುತ್ತವೆ, ನಾಲಿಗೆಯ ಅಂಚಿನಿಂದ ಹೊರಡುವ ಕ್ಲಿಕ್ಕಿನ ಗುರುತು. ಅದರ ಮುಂದಿನ ಗ್ ಅನ್ನು ಬೇರೆಯಾಗಿ ಉಚ್ಚರಿಸಬೇಡಿ. ಕ್ಲಿಕ್ ಸಾದಾ, ಬೇರೆ ಧ್ವನಿ ಬೆರೆತಿಲ್ಲ ಎಂದು ತೋರಿಸುವುದಷ್ಟೇ ಅದರ ಕೆಲಸ.

ಪದಪಟ್ಟಿಯಲ್ಲಿ ಬರಿಯ ‘ಒಮ್’ ಅಥವಾ ‘ಗಮ್’ ಎಂದು ಎಂದಿಗೂ ಬರೆಯಬೇಡಿ. ಒಮ್-ಸ್, ಒಮ್-ಮಿ ಎರಡಕ್ಕೂ ಬೇರೆ ಬೇರೆ ಸಾಲು ಕೊಡಿ, ಅರ್ಥವನ್ನೂ ಬೇರೆಯಾಗಿಯೇ ಬರೆಯಿರಿ. ಇದು ರೂಢಿಯಾದ ಮೇಲೆ ಕರ್ಮಪದದ -ಅ ಸೇರಿಸಿ ನೋಡಿ: ಖೊಯೆ-ಬ್ ಖೊಯೆಬ ಆಗುತ್ತದೆ, ಖೊಯೆ-ಸ್ ಖೊಯೆಸ ಆಗುತ್ತದೆ.