ಮೈಸೂರಿನಿಂದಲೇ ಮಂಡ್ಯದ ಸ್ವಿಚ್ಚನ್ನು ವಿಚಾರಿಸುವ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಮುಖ್ಯ ಕಚೇರಿ, ಮಂಡ್ಯದಲ್ಲೊಂದು ಶಾಖೆ ಇರುವ ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ "ಬೆಳಿಗ್ಗೆಯಿಂದ ನೆಟ್ ತುಂಬಾ ಸ್ಲೋ ಸಾರ್, ಒಂದ್ಸಲ ಬಂದು ನೋಡಿ" ಎಂಬ ಕರೆ ಹೊಸದೇನಲ್ಲ. ಎರಡೂ ಕಡೆಯನ್ನು ಇಂಟರ್ನೆಟ್ ಮೂಲಕ ಖಾಸಗಿಯಾಗಿ ಜೋಡಿಸುವ ವಿಪಿಎನ್ ಕೆಲಸ ಮಾಡುತ್ತಿರುವವರೆಗೆ, ಬಸ್ಸು ಹತ್ತುವ ಮೊದಲು ಅಲ್ಲಿನ ಕಂಪ್ಯೂಟರುಗಳನ್ನು ನೆಟ್‌ವರ್ಕಿಗೆ ಜೋಡಿಸುವ ಸ್ವಿಚ್ಚನ್ನೇ ಕೇಳಿ ತಿಳಿದುಕೊಳ್ಳಬಹುದಾದದ್ದು ಸಾಕಷ್ಟಿದೆ. ಹಾಗೆ ಕೇಳುವುದಕ್ಕೆಂದೇ ಇರುವ ಪ್ರೋಟೋಕಾಲ್ ಎಸ್‌ಎನ್‌ಎಂಪಿ (ಸಿಂಪಲ್ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪ್ರೋಟೋಕಾಲ್). 1988ರಲ್ಲಿ ರೂಪುಗೊಂಡ ಇದು ಇಂದಿಗೂ ಮ್ಯಾನೇಜ್ಡ್ (ದೂರದಿಂದಲೇ ನಿರ್ವಹಿಸಬಹುದಾದ) ಸ್ವಿಚ್ಚು, ರೂಟರು, ನೆಟ್‌ವರ್ಕ್ ಕಾರ್ಡ್ ಹಾಕಿದ ಯುಪಿಎಸ್‌ಗಳಲ್ಲಿ ಸಿಗುತ್ತದೆ. ಮ್ಯಾನೇಜ್ಡ್ ಅಲ್ಲದ ಅಗ್ಗದ ಸ್ವಿಚ್ಚುಗಳಿಂದ ಇದನ್ನು ನಿರೀಕ್ಷಿಸುವಂತಿಲ್ಲ.

ಉಬುಂಟು ಅಥವಾ ಡೆಬಿಯನ್‌ನಲ್ಲಿ 'ಎಸ್‌ಎನ್‌ಎಂಪಿ' ಎಂಬ ಪ್ಯಾಕೇಜನ್ನು, ಫೆಡೋರಾದಲ್ಲಿ 'ನೆಟ್-ಎಸ್‌ಎನ್‌ಎಂಪಿ-ಯುಟಿಲ್ಸ್' ಎಂಬುದನ್ನು ಇನ್‌ಸ್ಟಾಲ್ ಮಾಡಿಕೊಂಡರೆ ಬೇಕಾದ ಕಮಾಂಡುಗಳೆಲ್ಲ ಬರುತ್ತವೆ. ಸ್ವಿಚ್ಚಿನ ಕಡೆ ಎಸ್‌ಎನ್‌ಎಂಪಿಯನ್ನು ಆನ್ ಮಾಡಿ, ಓದುವ ಅಧಿಕಾರ ಮಾತ್ರವಿರುವ ಒಂದು ಕಮ್ಯುನಿಟಿ ಹೆಸರನ್ನು (ಪಾಸ್‌ವರ್ಡಿನಂತೆ ಕೆಲಸ ಮಾಡುವ ಪದ) ಕೊಟ್ಟು, ಪ್ರಶ್ನೆ ಕೇಳುವ ಕಂಪ್ಯೂಟರಿನ ವಿಳಾಸದಿಂದ ಮಾತ್ರ, ಎಸ್‌ಎನ್‌ಎಂಪಿ ಪ್ರಶ್ನೆಗಳು ಬರುವ ಯುಡಿಪಿ 161ನೇ ಪೋರ್ಟಿಗೆ ಪ್ರವೇಶ ಸಿಗುವಂತೆ ನಿರ್ಬಂಧಿಸಬೇಕು. ಬಹಳಷ್ಟು ಸಾಧನಗಳಲ್ಲಿ ಮೊದಲೇ ಇರುವ 'ಪಬ್ಲಿಕ್' ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಳ್ಳಬಾರದು. ಬರೆಯುವ ಅಧಿಕಾರವನ್ನು ಕೊಡುವ ಅಗತ್ಯ ಶಾಖಾ ಕಚೇರಿಗಳಲ್ಲಿ ಬರುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲ ಪ್ರಶ್ನೆ, ಸಾಧನ ಎಷ್ಟು ಹೊತ್ತಿನಿಂದ ಚಾಲನೆಯಲ್ಲಿದೆ ಎಂಬುದು. ಇಲ್ಲಿ ಕನ್ನಡದಲ್ಲಿ ಬರೆದಿರುವ ಕಮಾಂಡನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು:

ಎಸ್‌ಎನ್‌ಎಂಪಿಗೆಟ್ -ವಿ 2ಸಿ -ಸಿ ಮಂಡ್ಯಓದು 192.168.20.5 1.3.6.1.2.1.1.3.0

'-ವಿ' ಎಂಬುದು ಆವೃತ್ತಿಯನ್ನೂ '-ಸಿ' ಎಂಬುದು ಕಮ್ಯುನಿಟಿ ಹೆಸರನ್ನೂ ಸೂಚಿಸುತ್ತವೆ; 192.168.20.5 ಎಂಬುದು ಸ್ವಿಚ್ಚಿನ ಐಪಿ ವಿಳಾಸ; ಕೊನೆಯಲ್ಲಿರುವ ಚುಕ್ಕಿಗಳ ಸಾಲು ಓಐಡಿ, ಅಂದರೆ ನಮಗೆ ಬೇಕಾದ ಮಾಹಿತಿಯ ವಿಳಾಸ. ಉತ್ತರದಲ್ಲಿ 7384200 ಎಂದು ಬಂದರೆ ಅದು ಸೆಕೆಂಡಿನ ನೂರನೇ ಒಂದು ಭಾಗಗಳ ಲೆಕ್ಕ; ಅಂದರೆ ಸ್ವಿಚ್ಚು ಶುರುವಾಗಿ 20 ಗಂಟೆ 30 ನಿಮಿಷ 42 ಸೆಕೆಂಡು ಆಗಿದೆ. ನಿನ್ನೆ ಮಂಡ್ಯದಲ್ಲಿ ಕರೆಂಟು ಹೋಗಿ ಬಂದ ಸಮಯಕ್ಕೂ ಇದಕ್ಕೂ ತಾಳೆಯಾದರೆ, ಸ್ವಿಚ್ಚು ಯುಪಿಎಸ್‌ಗೆ ಜೋಡಣೆಯಾಗಿಲ್ಲ ಅಥವಾ ಬ್ಯಾಟರಿ ಸತ್ತಿದೆ ಎಂದು ಅನುಮಾನಿಸಬಹುದು. ಆದರೆ ಈ ಲೆಕ್ಕ 32 ಬಿಟ್‌ನದಾದ್ದರಿಂದ ಸುಮಾರು 497 ದಿನಗಳಿಗೊಮ್ಮೆ ತಾನಾಗಿಯೇ ಸೊನ್ನೆಗೆ ಮರಳುತ್ತದೆಂಬುದು ನೆನಪಿರಲಿ.

ಮುಂದಿನದು ಸ್ವಿಚ್ಚಿನಲ್ಲಿ ಕೇಬಲ್ ಚುಚ್ಚುವ ಪೋರ್ಟುಗಳ ವಿಚಾರ. ಒಂದೊಂದನ್ನೇ ಕೇಳುವ ಬದಲು, 'ಎಸ್‌ಎನ್‌ಎಂಪಿವಾಕ್' ಎಂಬ ಕಮಾಂಡಿಗೆ 1.3.6.1.2.1.31.1.1.1.1 ಎಂಬ ಓಐಡಿಯನ್ನು ಕೊಟ್ಟರೆ ಪೋರ್ಟುಗಳ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ಪ್ರತಿ ಸಾಲಿನಲ್ಲಿ ಓಐಡಿಯ ಕೊನೆಗೆ ಇರುವ ಅಂಕಿಯೇ ಆ ಪೋರ್ಟಿನ ಸೂಚ್ಯಂಕ. ಸ್ವಿಚ್ಚಿನ ಮುಖದ ಮೇಲೆ ಅಚ್ಚಾದ ಸಂಖ್ಯೆಯೂ ಇದೂ ಒಂದೇ ಎಂದು ಭಾವಿಸಬಾರದು. ಕೆಲವು ಸಾಧನಗಳಲ್ಲಿ ಇದು 10124ರಂತೆ ಇರುತ್ತದೆ, ರೀಬೂಟ್ ಆದ ಮೇಲೆ ಬದಲಾಗುವುದೂ ಉಂಟು. ಮೈಸೂರಿನ ಕಡೆಗೆ ಹೋಗುವ ಅಪ್‌ಲಿಂಕಿನ ಸೂಚ್ಯಂಕ 24 ಎಂದಿಟ್ಟುಕೊಂಡರೆ, 1.3.6.1.2.1.2.2.1.8.24 ಎಂದು ಕೇಳಿದಾಗ 1 ಬಂದರೆ ಪೋರ್ಟು ಚಾಲನೆಯಲ್ಲಿದೆ, 2 ಬಂದರೆ ಇಲ್ಲ.

ಸ್ಲೋ ಎಂಬ ದೂರಿಗೆ ನಿಜವಾದ ಉತ್ತರ ಸಿಗುವುದು ಬೈಟ್ ಎಣಿಕೆಯಲ್ಲಿ, ಹೊಸಬರು ಎಡವುವುದೂ ಅಲ್ಲೇ. ಒಳಬಂದ ಬೈಟುಗಳ ಎಣಿಕೆಯಾದ 1.3.6.1.2.1.31.1.1.1.6.24 ಎಂಬುದನ್ನು ಒಮ್ಮೆ ಕೇಳಿದರೆ ಉದ್ದನೆಯ ಸಂಖ್ಯೆಯೊಂದು ಬರುತ್ತದೆ, ಅದರಿಂದ ಯಾವ ಪ್ರಯೋಜನವೂ ಇಲ್ಲ. ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನ ಮೀಟರ್ ರೀಡರ್ ಈ ತಿಂಗಳ ರೀಡಿಂಗಿನಿಂದ ಹಿಂದಿನ ತಿಂಗಳದನ್ನು ಕಳೆದು ಬಿಲ್ ಕೊಡುವಂತೆ, ನಾವೂ 60 ಸೆಕೆಂಡು ಬಿಟ್ಟು ಮತ್ತೊಮ್ಮೆ ಕೇಳಿ ವ್ಯತ್ಯಾಸವನ್ನು ತೆಗೆಯಬೇಕು. ವ್ಯತ್ಯಾಸ 67,50,00,000 ಬೈಟ್ ಎಂದಾದರೆ, 8ರಿಂದ ಗುಣಿಸಿ 60ರಿಂದ ಭಾಗಿಸಿದಾಗ ಸೆಕೆಂಡಿಗೆ 90 ಮೆಗಾಬಿಟ್ ಆಗುತ್ತದೆ. ಲಿಂಕ್ 100 ಮೆಗಾಬಿಟ್‌ನದಾಗಿದ್ದರೆ ಅದು ತುಂಬಿ ತುಳುಕುತ್ತಿದೆ ಎಂದೇ ಅರ್ಥ, ಮತ್ತು ಅಂಥ ಸ್ಥಿತಿಯಲ್ಲಿ ಸ್ವಿಚ್ಚನ್ನು ಎಷ್ಟು ಬಾರಿ ಆಫ್ ಮಾಡಿ ಆನ್ ಮಾಡಿದರೂ ಫಲವಿಲ್ಲ. ಇದೇ ಎಣಿಕೆಯ ಹಳೆಯ 32 ಬಿಟ್ ರೂಪವೂ ಇದೆ. ಆದರೆ ಗಿಗಾಬಿಟ್ ಲಿಂಕ್ ಪೂರ್ತಿ ಓಡುತ್ತಿದ್ದರೆ ಅದು ಸುಮಾರು 34 ಸೆಕೆಂಡಿಗೊಮ್ಮೆ ಸುತ್ತಿ ಸೊನ್ನೆಗೆ ಬರುವುದರಿಂದ ವ್ಯತ್ಯಾಸವೇ ಸುಳ್ಳಾಗುತ್ತದೆ. ನಾವು ಮೇಲೆ ಕೇಳಿದ 64 ಬಿಟ್‌ನ ಎಣಿಕೆ ಮೊದಲನೇ ಆವೃತ್ತಿಯಲ್ಲಿ ಸಿಗದು, 2ಸಿ ಅಥವಾ 3 ಬೇಕು.

ಲಿಂಕ್ ತುಂಬಿಲ್ಲದಿದ್ದರೆ 1.3.6.1.2.1.2.2.1.14.24 ಎಂಬ ದೋಷಗಳ ಎಣಿಕೆಯನ್ನು ಹಾಗೆಯೇ ಎರಡು ಬಾರಿ ಓದಬೇಕು. ಹಳೆಯ ದೋಷಗಳು ಎಷ್ಟೇ ಇರಲಿ, ಕಣ್ಣೆದುರಿಗೇ ಏರುತ್ತಿರುವುದು ಮಾತ್ರ ಮುಖ್ಯ. ಏರುತ್ತಿದ್ದರೆ ಕೇಬಲ್, ಸರಿಯಾಗಿ ಕ್ರಿಂಪ್ ಆಗದ ಕನೆಕ್ಟರ್ ಅಥವಾ ಎರಡು ತುದಿಗಳಲ್ಲಿ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಕಳಿಸುವುದೂ ಪಡೆಯುವುದೂ ಸಾಧ್ಯವೇ ಎಂಬ ಸೆಟ್ಟಿಂಗ್) ಹೊಂದಿಕೆಯಾಗದಿರುವುದು ಕಾರಣವಿರಬಹುದು. ಬಸ್ಸು ಹತ್ತಬೇಕಾದದ್ದು ಆಗ.

ಉತ್ತರವೇ ಬಾರದೆ 'ಟೈಮ್‌ಔಟ್' ಎಂದು ಬಂದರೆ ಸಾಧನ ಸತ್ತಿದೆ ಎಂದು ತೀರ್ಮಾನಿಸಬಾರದು. 2ಸಿ ಆವೃತ್ತಿಯಲ್ಲಿ ಕಮ್ಯುನಿಟಿ ಹೆಸರು ತಪ್ಪಿದ್ದರೂ, ಫೈರ್‌ವಾಲ್ ತಡೆದಿದ್ದರೂ ಸಿಗುವುದು ಅದೇ ಮೌನ. ಸಾಧನ ಸಂಪರ್ಕಕ್ಕೆ ಸಿಗುತ್ತದೆಯೇ ಎಂದು ಪಿಂಗ್ ಮಾಡಿ ನೋಡಿ, ಆಮೇಲೆ ಹೆಸರನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸಬೇಕು. ಅಲ್ಲದೆ 2ಸಿಯಲ್ಲಿ ಆ ಹೆಸರು ಯಾವ ಮರೆಯೂ ಇಲ್ಲದೆ ತಂತಿಯ ಮೇಲೆ ಹರಿಯುತ್ತದೆ. ಸಾಧನ ಒಪ್ಪುವುದಾದರೆ ದೃಢೀಕರಣವೂ ಗೂಢಲಿಪಿಯೂ ಇರುವ 3ನೇ ಆವೃತ್ತಿಯನ್ನೇ ಬಳಸಬೇಕು. ಅದರಲ್ಲಿ ಪಾಸ್‌ವರ್ಡ್ ಕನಿಷ್ಠ 8 ಅಕ್ಷರಗಳದ್ದಾಗಿರಬೇಕು. ಅದನ್ನು ಕಮಾಂಡಿನಲ್ಲೇ ಬರೆದರೆ ಅದೇ ಕಂಪ್ಯೂಟರಿನ ಇತರ ಬಳಕೆದಾರರಿಗೆ ಪ್ರೋಸೆಸ್ ಪಟ್ಟಿಯಲ್ಲಿ ಕಾಣಬಹುದಾದ್ದರಿಂದ, ಹೋಮ್ ಡೈರೆಕ್ಟರಿಯ '.ಎಸ್‌ಎನ್‌ಎಂಪಿ' ಫೋಲ್ಡರಿನಲ್ಲಿ 'ಎಸ್‌ಎನ್‌ಎಂಪಿ.ಕಾನ್ಫ್' ಎಂಬ ಫೈಲ್ ಮಾಡಿ, ಅದಕ್ಕೆ 600 ಅನುಮತಿ (ಮಾಲೀಕರಿಗೆ ಮಾತ್ರ ಓದಲು, ಬರೆಯಲು ಅವಕಾಶ) ಕೊಟ್ಟು, ಅಲ್ಲೇ ಬರೆದಿಡುವುದು ಲೇಸು.