ಮಿಷಿಗನ್‌ನ ಕೆರೆ ದಂಡೆ ಮನೆ: ವರ್ಷಕ್ಕೆ ನಾವು ಮಾಡುವ ಖರ್ಚು

ನಾವು ಈ ಮನೆ ಕೊಂಡಿದ್ದು 2018ರ ಬೇಸಿಗೆಯಲ್ಲಿ. ಡೆಟ್ರಾಯ್ಟ್‌ನಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಹಳೆಯ ಮನೆ, ಹಿತ್ತಲ ಬಾಗಿಲಿನಿಂದ ನಲವತ್ತು ಹೆಜ್ಜೆ ಇಳಿದರೆ ನೀರು. ಬೆಲೆ 4,20,000 ಡಾಲರ್. ಸಾಲದ ಕಂತು ಎಷ್ಟು ಬರುತ್ತೆ ಅಂತ ನಾನೂ ನನ್ನ ಹೆಂಡತಿಯೂ ಹತ್ತು ಸಲ ಲೆಕ್ಕ ಹಾಕಿದ್ದೆವು. ಕಂತಿನ ಆಚೆಗೆ ಪ್ರತಿ ವರ್ಷ ಎಷ್ಟು ಎತ್ತಿಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಈಗ ಇಲ್ಲಿನ ಕನ್ನಡದ ಗೆಳೆಯರಲ್ಲಿ ಮೂರ್ನಾಲ್ಕು ಮಂದಿ ಇಂಥದೇ ಮನೆ ಹುಡುಕುತ್ತಿದ್ದಾರೆ. ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೆರಿಗೆ. ಮಾರುವವರು ತೋರಿಸುವ ಬಿಲ್ ನೋಡಿ ನಿಮ್ಮ ಲೆಕ್ಕ ಹಾಕಬೇಡಿ. ಮಿಷಿಗನ್‌ನಲ್ಲಿ 1994ರಿಂದ ಒಂದು ನಿಯಮ ಇದೆ. ಮನೆ ಒಬ್ಬರ ಕೈಯಲ್ಲೇ ಇರುವಷ್ಟು ಕಾಲ, ಅದರ ತೆರಿಗೆ ಮೌಲ್ಯ, ಅಂದರೆ ತೆರಿಗೆ ಹಾಕಲು ಲೆಕ್ಕಕ್ಕೆ ಹಿಡಿಯುವ ಬೆಲೆ, ವರ್ಷಕ್ಕೆ ಬೆಲೆಯೇರಿಕೆಯಷ್ಟು ಅಥವಾ 5%, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಏರಬಹುದು. ಮನೆ ಮಾರಾಟವಾದ ಮರುವರ್ಷ ಆ ಕಟ್ಟು ಸಡಿಲವಾಗುತ್ತೆ. ಆಗ ತೆರಿಗೆ ಮೌಲ್ಯ ಒಂದೇ ಏಟಿಗೆ ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಬಂದು ನಿಲ್ಲುತ್ತೆ. ನಮಗೆ ಮಾರಿದ ದಂಪತಿ ಇಪ್ಪತ್ತೈದು ವರ್ಷ ಇಲ್ಲೇ ವಾಸ ಇದ್ದವರು. ಅವರ ತೆರಿಗೆ ಮೌಲ್ಯ 95,000 ಡಾಲರ್, ಕಟ್ಟುತ್ತಿದ್ದುದು ಸುಮಾರು 2,600. 2019ರಲ್ಲಿ ನಮ್ಮದು 2,05,000 ಆಯಿತು. ಅದರ ಮೇಲೆ ಇನ್ನೊಂದು ಪೆಟ್ಟು. ಖಾಯಂ ವಾಸದ ಮನೆಗೆ ಶಾಲೆಗಳ ತೆರಿಗೆಯಲ್ಲಿ ತೆರಿಗೆ ಮೌಲ್ಯದ ಪ್ರತಿ ಸಾವಿರಕ್ಕೆ 18 ಡಾಲರ್‌ವರೆಗೆ ಮಾಫಿ ಇದೆ, ಎರಡನೇ ಮನೆಗೆ ಇಲ್ಲ. ನಾವು ಆಗ ಶನಿವಾರ ಭಾನುವಾರ ಮಾತ್ರ ಬರುತ್ತಿದ್ದೆವು. ಎರಡೂ ಸೇರಿ ಬಿಲ್ 9,200 ದಾಟಿತು. ಅದೇ ಮನೆ, ಅದೇ ಕೆರೆ, ಮೂರೂವರೆ ಪಟ್ಟು ತೆರಿಗೆ.

2021ರಲ್ಲಿ ಆಫೀಸಿನ ಕೆಲಸ ಮನೆಯಿಂದಲೇ ಆದಾಗ ಊರೊಳಗಿನ ಮನೆ ಮಾರಿ ಇಲ್ಲಿಗೇ ಬಂದುಬಿಟ್ಟೆವು. ಇದು ನಮ್ಮ ಖಾಯಂ ಮನೆ ಅಂತ ಬರೆದುಕೊಡುವ ಅರ್ಜಿ ಜೂನ್ 1ರ ಒಳಗೆ ಕೊಟ್ಟರೆ ಬೇಸಿಗೆಯ ಬಿಲ್‌ನಿಂದಲೇ ಮಾಫಿ ಸಿಗುತ್ತೆ. ತಪ್ಪಿದರೆ ನವೆಂಬರ್ 1ರೊಳಗೆ ಕೊಡಬೇಕು, ಆಗ ಚಳಿಗಾಲದ ಬಿಲ್‌ಗೆ ಮಾತ್ರ. ಈ ಒಂದು ಹಾಳೆಯಿಂದ ನಮಗೆ ವರ್ಷಕ್ಕೆ 3,800 ಡಾಲರ್ ಉಳಿಯಿತು. ಈಗ ನಾವೇ ಹಳಬರಾಗುತ್ತಿದ್ದೇವೆ, ಆ ಮಿತಿ ಈಗ ನಮ್ಮನ್ನು ಕಾಯುತ್ತಿದೆ. 2023ರಲ್ಲಿ ಬೆಲೆಯೇರಿಕೆ ಲೆಕ್ಕ 7.9% ಬಂದರೂ ನಮ್ಮ ಮೌಲ್ಯ 5% ಮಾತ್ರ ಏರಿತು.

ಇನ್ಶೂರೆನ್ಸ್ ವಿಷಯದಲ್ಲಿ ಒಂದು ಮಾತು. ಮಾಮೂಲಿ ಮನೆ ಪಾಲಿಸಿಯಲ್ಲಿ ನೆರೆ ನೀರಿನ ನಷ್ಟ ಸೇರಿರುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. ಕೇಂದ್ರ ಸರ್ಕಾರದ ನೆರೆ ವಿಮೆ ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲಷ್ಟೇ ಜಾರಿಗೆ ಬರುತ್ತೆ. ಮೋಡ ಕಟ್ಟಿದ ಮೇಲೆ ಮಾಡಿಸಿ ಪ್ರಯೋಜನ ಇಲ್ಲ. ನಮ್ಮ ಜಾಗದ ಕೆಳಗಿನ ಅಂಚು ಸರ್ಕಾರದ ನೆರೆ ಅಪಾಯದ ನಕ್ಷೆಯೊಳಗೆ ಬರುತ್ತಿತ್ತು. ಅಷ್ಟಕ್ಕೇ ಬ್ಯಾಂಕ್ ನೆರೆ ವಿಮೆ ಕಡ್ಡಾಯ ಅಂದಿತು. ಸರ್ವೇಯರ್ ಕರೆಸಿ ಮನೆ ಸುತ್ತಲಿನ ನೆಲದ ಎತ್ತರ ಅಳೆಸಿದೆ, 600 ಡಾಲರ್ ಆಯಿತು. ಮನೆಗೆ ತಾಗಿದ ನೆಲದ ಅತಿ ತಗ್ಗಿನ ಜಾಗವೂ ನೆರೆಮಟ್ಟಕ್ಕಿಂತ ಮೇಲಿದೆ ಅಂತ ತೋರಿಸಿದರೆ ಮನೆಯನ್ನು ನಕ್ಷೆಯಿಂದ ಹೊರಗಿಡುವ ಪತ್ರವನ್ನು ಸರ್ಕಾರದವರು ಕೊಡುತ್ತಾರೆ. ಆ ಅರ್ಜಿಗೆ ಶುಲ್ಕ ಇಲ್ಲ. ಪತ್ರ ಬಂತು, ಬ್ಯಾಂಕ್ ಕಡ್ಡಾಯ ಕೈಬಿಟ್ಟಿತು. ಆದರೂ ನಾನು ನೆರೆ ವಿಮೆ ಇಟ್ಟುಕೊಂಡಿದ್ದೇನೆ, ಕಂತು ಮೊದಲಿಗಿಂತ ತುಂಬ ಕಡಿಮೆ. ಎರಡೂ ಪಾಲಿಸಿ ಸೇರಿ ವರ್ಷಕ್ಕೆ 2,300.

ಇನ್ನು ಮಂಜುಗಡ್ಡೆ. ನಮ್ಮ ಕಡೆಯಿಂದ ಬಂದವರ ತಲೆಗೆ ಇದು ಹೊಳೆಯುವುದೇ ಇಲ್ಲ. ನೀರಿನ ಮೇಲೆ ಚಾಚಿರುವ ಡಾಕ್, ಅಂದರೆ ಬೋಟು ಕಟ್ಟುವ ಕಟ್ಟೆ, ವರ್ಷವಿಡೀ ಅಲ್ಲೇ ಇರುತ್ತೆ ಅಂತ ನಾನು ತಿಳಿದಿದ್ದೆ. ಇಲ್ಲಿ ಅದನ್ನು ಅಕ್ಟೋಬರ್‌ನಲ್ಲಿ ಬಿಚ್ಚಿ ದಡಕ್ಕೆ ತರಬೇಕು, ಏಪ್ರಿಲ್ ಕೊನೆಗೆ ಮತ್ತೆ ಜೋಡಿಸಬೇಕು. ಕೆರೆ ಹೆಪ್ಪುಗಟ್ಟಿದ ಮೇಲೆ ಗಡ್ಡೆ ಸುಮ್ಮನಿರುವುದಿಲ್ಲ. ಚಳಿ ಜಾಸ್ತಿಯಾದ ರಾತ್ರಿ ಬಿರುಕು ಬಿಡುತ್ತೆ. ಬಿರುಕಿಗೆ ನೀರು ತುಂಬಿ ಅದೂ ಗಟ್ಟಿಯಾಗುತ್ತೆ. ಹಗಲು ಬಿಸಿಲಿಗೆ ಇಡೀ ಹಾಸು ಹಿಗ್ಗಿ ದಡವನ್ನು ಒತ್ತುತ್ತೆ. ಮಾರ್ಚ್‌ನಲ್ಲಿ ಒಡೆದ ಗಡ್ಡೆಯನ್ನು ಗಾಳಿ ತಳ್ಳಿಕೊಂಡು ಬಂದರೆ ಇನ್ನೂ ಕಷ್ಟ. ಮೊದಲ ವರ್ಷ ಕೊನೆಯ ಎರಡು ಕಂಬ ಕೆಸರಿನಿಂದ ಮೇಲೇಳಲಿಲ್ಲ ಅಂತ ಅಲ್ಲೇ ಬಿಟ್ಟಿದ್ದೆ. ವಸಂತದಲ್ಲಿ ನೋಡಿದರೆ ಎರಡೂ ಗಾಳಿಗೆ ಬಿದ್ದ ಕಬ್ಬಿನ ಹಾಗೆ ದಡದ ಕಡೆಗೆ ಬಾಗಿದ್ದವು. ಸೊಂಟದಷ್ಟು ದಪ್ಪದ ಒಂದು ಬಂಡೆ ಒಂದಡಿ ಹಿಂದೆ ಸರಿದಿತ್ತು.

ಡಾಕ್ ಹಾಕಿ ತೆಗೆಯುವವರಿಗೆ ಎರಡು ವರ್ಷ 950 ಡಾಲರ್ ಕೊಟ್ಟೆ. ಆಮೇಲೆ ಪಕ್ಕದ ಮನೆಯ ಹಿರಿಯರು ಕಲಿಸಿಕೊಟ್ಟರು. ಎದೆವರೆಗೆ ಬರುವ ರಬ್ಬರ್ ವೇಡರ್ ಹಾಕಿಕೊಂಡು ಇಳಿಯಬೇಕು. ಹತ್ತಡಿಯ ನಾಲ್ಕು ತುಂಡು. ದೂರದ ತುಂಡು ಮೊದಲು. ತಿರುಪು ಸಡಿಲಿಸಿ ಹಾಸು ಎತ್ತಿಕೊಡಬೇಕು. ಕಂಬವನ್ನು ನೇರ ಮೇಲಕ್ಕೆ ಎಳೆದರೆ ಕೆಸರು ಬಿಡುವುದಿಲ್ಲ. ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ನಿಧಾನಕ್ಕೆ ಅಲ್ಲಾಡಿಸಬೇಕು. ತಳದ ತಟ್ಟೆಯ ಕೆಳಗೆ ನೀರು ನುಗ್ಗಿದ ಕೂಡಲೇ ಬುಳಕ್ ಅಂತ ತಾನಾಗಿ ಬಿಡುತ್ತೆ. ನೀವು ಒಬ್ಬರೇ ಇಳಿಯಬೇಡಿ. ಕಾಲು ಹೂತರೆ ಕೈ ಕೊಡಲು ಒಬ್ಬರು ದಡದಲ್ಲಿ ಇರಲೇಬೇಕು. ಈಗ ನನ್ನ ಹೆಂಡತಿ ದಡದ ಕಡೆ ನಿಲ್ಲುತ್ತಾಳೆ, ಮಗ ನೀರಿಗಿಳಿಯುತ್ತಾನೆ. ಬಿಡಿ ಭಾಗಕ್ಕೆ ವರ್ಷಕ್ಕೆ 150 ಡಾಲರ್ ಸಾಕು. ನಮ್ಮ ಪಾಂಟೂನ್ ಬೋಟಿಗೆ (ತೇಲು ಕೊಳವೆಗಳ ಮೇಲೆ ಕೂರುವ ಚಪ್ಪಟೆ ದೋಣಿ) ಮಾತ್ರ ಆ ಉಪಾಯ ಇಲ್ಲ. ಇಂಜಿನ್‌ನಿಂದ ನೀರು ತೆಗೆಸಿ, ಪ್ಲಾಸ್ಟಿಕ್ ಹೊದಿಸಿ, ಶೆಡ್ಡಿನಲ್ಲಿ ಇಡಿಸಲು 900, ಅದರ ವಿಮೆ 300.

ಅಮ್ಮ ಬಂದಿದ್ದಾಗ ಬೋರ್‌ವೆಲ್ ನೋಡಿ, "ಇಷ್ಟು ನೀರು ಮನೆ ಮುಂದೆ ಇಟ್ಕೊಂಡು ಇದ್ಯಾಕೋ?" ಅಂತ ಕೇಳಿದ್ದರು. ಕೆರೆ ನೀರನ್ನು ಹಾಗೇ ಕುಡಿಯುವ ಹಾಗಿಲ್ಲ. ಬೋರ್ ನೀರಿನ ಪರೀಕ್ಷೆಗೆ ವರ್ಷಕ್ಕೆ 40 ಡಾಲರ್. ಸೆಪ್ಟಿಕ್ ಟ್ಯಾಂಕ್ ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸುತ್ತೇನೆ, 420. ಹಬ್ಬಕ್ಕೆ ಮೂವತ್ತು ಜನ ಸೇರುವ ಮನೆ ನಮ್ಮದು, ದಂಡೆಯಲ್ಲಿ ಅಂತರ್ಜಲವೂ ಮೇಲೇ ಇರುತ್ತೆ. ಇದನ್ನು ಮುಂದಕ್ಕೆ ಹಾಕಿದರೆ ಕೊಳಕು ಕೆರೆ ಸೇರಬಹುದು.

ಮಣ್ಣು ಕೊಚ್ಚಿಹೋಗದಂತೆ ದಡಕ್ಕೆ ಹಾಕುವ ಕಲ್ಲಿಗೆ ಅಂತ ವರ್ಷಕ್ಕೆ 1,000 ಎತ್ತಿಡುತ್ತೇನೆ. ನೀರಂಚಿನಲ್ಲಿ ಕಲ್ಲು ಹಾಕಲೂ ರಾಜ್ಯದ ಪರಿಸರ ಇಲಾಖೆಯ ಅನುಮತಿ ಬೇಕು. ಅರ್ಧ ದಡಕ್ಕೆ ಕಲ್ಲು ಬಿಟ್ಟು ಇಲ್ಲಿನದೇ ಎತ್ತರದ ಹುಲ್ಲು, ಗಿಡ ಬೆಳೆಸಿದೆವು. ಬೇರು ಮಣ್ಣು ಹಿಡಿಯಿತು. ಬಾತುಗಳ ಕಾಟವೂ ನಿಂತಿತು, ಎತ್ತರದ ಗಿಡ ದಾಟಿ ಮೇಲೆ ಬರಲು ಅವು ಹಿಂಜರಿಯುತ್ತವೆ.

ಇನ್ನು ಚಳಿಗಾಲದ ತೆರಿಗೆ ಬಿಲ್ಲಿನ ಕೆಳಗೆ ಬರುವ ಒಂದು ಸಣ್ಣ ಸಾಲು: ಕೆರೆಯ ವಿಶೇಷ ತೆರಿಗೆ, 210 ಡಾಲರ್. ಯುರೇಷಿಯನ್ ಮಿಲ್‌ಫಾಯಿಲ್ ಅನ್ನುವ ಹೊರಗಿನ ಕಳೆ ಕೆರೆ ತುಂಬ ಹಬ್ಬುತ್ತೆ, ಅದನ್ನು ಹತೋಟಿಯಲ್ಲಿಡಲು ಅರ್ಧ ಹಣ. ಉಳಿದದ್ದು ಕೆರೆಯ ಕೊನೆಯಲ್ಲಿರುವ ಚಿಕ್ಕ ಅಣೆಕಟ್ಟಿಗೆ. ನೀರಿನ ಮಟ್ಟ ಎಷ್ಟಿರಬೇಕು ಅಂತ ಕೋರ್ಟ್ ನಿಗದಿ ಮಾಡಿದೆ, ಅದನ್ನು ಕಾಯುವ ಖರ್ಚು ದಂಡೆಯ ಎಲ್ಲರ ಮೇಲೂ ಬೀಳುತ್ತೆ. ನೆರೆಹೊರೆಯ ಕೆಲವರು ಇದಕ್ಕೆ ಗೊಣಗುತ್ತಾರೆ. ನನಗೆ ಈ ಬಿಲ್ಲಿನಲ್ಲಿ ಸಂತೋಷದಿಂದ ಕಟ್ಟುವ ಸಾಲು ಇದೊಂದೇ. ನಮ್ಮ ಅಜ್ಜನ ಊರಲ್ಲಿ ತೂಬು ಎತ್ತಿ ಇಳಿಸಲು ನೀರುಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಏರಿಯ ಮೇಲೆ ಗಿಡ ಬೆಳೆದರೆ ಊರವರೇ ಹೋಗಿ ಕೀಳುತ್ತಿದ್ದರು. ಏರಿ ಹೋದರೆ ಕೆರೆ ಹೋಯಿತು ಅಂತ ಎಲ್ಲರಿಗೂ ಗೊತ್ತಿತ್ತು.

ಇಲ್ಲಿ ಅದನ್ನು 2020ರ ಮೇ 19ರಂದು ನೋಡಿದೆವು. ನಮ್ಮ ಉತ್ತರಕ್ಕಿರುವ ಈಡನ್‌ವಿಲ್ ಅಣೆಕಟ್ಟು ಮಣ್ಣಿನ ಏರಿಯದು, 1920ರ ದಶಕದ್ದು. ಕೋಡಿ ಚಿಕ್ಕದು, ದೊಡ್ಡ ನೆರೆ ತಡೆಯುವುದಿಲ್ಲ ಅಂತ 2018ರಲ್ಲೇ ಅದರ ವಿದ್ಯುತ್ ಉತ್ಪಾದನೆಯ ಲೈಸೆನ್ಸ್ ರದ್ದಾಗಿತ್ತು. ಭಾರಿ ಮಳೆಗೆ ಏರಿ ಒಡೆಯಿತು. ಆ ನೀರು ಕೆಳಗಿನ ಸ್ಯಾನ್‌ಫರ್ಡ್ ಅಣೆಕಟ್ಟನ್ನೂ ಕಿತ್ತಿತು. ಮಿಡ್‌ಲ್ಯಾಂಡ್ ಪಟ್ಟಣದ ಸುತ್ತ ಸುಮಾರು 10,000 ಜನ ಮನೆ ಬಿಟ್ಟು ಹೋಗಬೇಕಾಯಿತು. ಈಡನ್‌ವಿಲ್ ಹಿಡಿದಿಟ್ಟಿದ್ದ ವಿಕ್ಸಮ್ ಲೇಕ್ ಅನ್ನುವ ಕೆರೆ ಬರಿದಾಗಿ, ದಂಡೆಯ ಮನೆಗಳ ಡಾಕ್‌ಗಳು ಒಣ ಕೆಸರಿನ ಮೇಲೆ ನಿಂತವು. ಅಣೆಕಟ್ಟು ಮತ್ತೆ ಕಟ್ಟುವ ಖರ್ಚಿನಲ್ಲಿ ಒಂದು ಪಾಲು ಅದೇ ಮನೆಗಳ ಮೇಲೆ ವಿಶೇಷ ತೆರಿಗೆಯಾಗಿ ಬಂದಿದೆ. ಏರಿ ಒಡೆದ ಮರುವಾರವೇ ನಾನು ನಮ್ಮ ಕೆರೆ ಸಮಿತಿಗೆ ಹೋಗಿ ಅಣೆಕಟ್ಟಿನ ತಪಾಸಣೆ ವರದಿ ಕೇಳಿದೆ. ಅಂದಿನಿಂದ ಒಂದು ಸಭೆಯನ್ನೂ ತಪ್ಪಿಸಿಲ್ಲ.

2023ರ ಲೆಕ್ಕ ಹೀಗಿತ್ತು: ತೆರಿಗೆ 6,200, ಉಳಿದದ್ದೆಲ್ಲ ಸೇರಿ 5,000ದ ಆಸುಪಾಸು. ಒಟ್ಟು 11,200 ಡಾಲರ್. ಕೊಂಡ ಬೆಲೆಯ 2.7% ಹತ್ತಿರ. ಕರೆಂಟು, ಗ್ಯಾಸು ಇದರಲ್ಲಿ ಇಲ್ಲ. ಒಣಗಿದ ಆ್ಯಶ್ ಮರ ಕಡಿಸಿದ 1,800 ಸಹ ಇಲ್ಲ, ಅದು ಹಿಂದಿನ ವರ್ಷದ್ದು. ಡೆಟ್ರಾಯ್ಟ್ ಬಳಿ 2002ರಲ್ಲಿ ಪತ್ತೆಯಾದ ಕೊರಕ ಹುಳ ಈ ಕಡೆಯ ಆ್ಯಶ್ ಮರಗಳನ್ನೆಲ್ಲ ತಿಂದಿದೆ. ನೀವು ನೋಡುವ ಮನೆಯ ಹಿತ್ತಲಲ್ಲೂ ಒಂದೆರಡು ಒಣ ಮರ ಇದ್ದೇ ಇರುತ್ತವೆ, ಎಣಿಸಿಕೊಳ್ಳಿ.

ಮೊನ್ನೆ ಒಬ್ಬ ಗೆಳೆಯ ಮನೆ ನೋಡಲು ಹೊರಟಿದ್ದ. ಹೋಗುವ ಮೊದಲು ಟೌನ್‌ಶಿಪ್ (ಇಲ್ಲಿನ ಸ್ಥಳೀಯ ಆಡಳಿತ) ಆಫೀಸಿಗೆ ಫೋನ್ ಮಾಡಿ, ಮಾರಾಟವಾದ ಮೇಲಿನ ತೆರಿಗೆ ಎಷ್ಟಾಗಬಹುದು ಕೇಳು ಅಂದೆ. ಕೆರೆಗೆ ವಿಶೇಷ ತೆರಿಗೆ ಎಷ್ಟು, ಇನ್ನೂ ಎಷ್ಟು ವರ್ಷ ಬಾಕಿ, ಅದನ್ನೂ ಕೇಳು. ಆಮೇಲೆ ಆ ಕೆರೆಗೆ ಏರಿ ಇದೆಯಾ, ಇದ್ದರೆ ಕೊನೆಯ ತಪಾಸಣೆ ಯಾವಾಗ ಆಯಿತು ಅಂತ ತಿಳಿದುಕೋ. ಮೂರನೆಯದನ್ನು ಅವನು ಎರಡು ಸಲ ಹೇಳಿಸಿ ಬರೆದುಕೊಂಡ.